ನಮ್ಮ ಸೀಮೆಯ ಶಾಲೆಗಳೂ ಏಳನೆಯ ತರಗತಿಯ ಹೊಸಿಲೂ

ಶಾಲೆಯ ಸ್ಮರಣ ಸಂಚಿಕೆಯೆಂದರೆ ಆ ಶಾಲೆಯ ಕಟ್ಟಡಗಳನ್ನೂ, ಅದರ ಉಪಾಧ್ಯಾಯಿನಿಯರನ್ನೂ, ಅಲ್ಲಿ ಕಲಿತು ಹೊರಟ ಬಾಲಿಕೆಯರನ್ನೂ ನೆನೆದು ಸಂತೋಷಪಡುವುದಕ್ಕಾಗಿ ಹೊರಡಿಸುವ ಪುಸ್ತಕವೆಂಬುದು ಸಾಮಾನ್ಯವಾದ ಭಾವನೆ. ಅದು ತಪ್ಪಲ್ಲ. ಆದರೆ ಯಾವ ಹೈಸ್ಕೂಲೂ ತಾನೊಂದೇ ನಿಂತಿರುವುದಿಲ್ಲ. ಅದರ ಎಂಟನೆಯ ತರಗತಿಯ ಬೆಂಚುಗಳ ಮೇಲೆ ಕುಳಿತಿರುವ ಬಾಲಿಕೆಯರಲ್ಲಿ ಬಹುಮಂದಿ ಬೇರೊಂದು ಶಾಲೆಯ ಏಳನೆಯ ತರಗತಿಯಿಂದ ಎದ್ದು ಬಂದವರು. ಹೀಗೆ ಬಂದವರ ಹೆಸರುಗಳು ನಮ್ಮ ದಾಖಲೆಯ ಪುಸ್ತಕದಲ್ಲಿವೆ. ಬಾರದೆ ಉಳಿದವರ ಹೆಸರುಗಳು ಯಾವ ಪುಸ್ತಕದಲ್ಲಿವೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಬೆಂಗಳೂರಿನ ಉತ್ತರ ಭಾಗದ, ಅದರಲ್ಲಿಯೂ ಯಲಹಂಕ ಸೀಮೆಯ, ಸಾರ್ವಜನಿಕ ಶಾಲೆಗಳ ಏರ್ಪಾಡನ್ನು ಒಮ್ಮೆ ಅವಲೋಕಿಸಿ, ಆ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದೆ ಇಡಬೇಕೆಂದು ಬಯಸಿದ್ದೇವೆ.

ಮೊದಲು ಏರ್ಪಾಡಿನ ಸ್ವರೂಪವನ್ನು ತಿಳಿಯೋಣ. ಕಂದಾಯದ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆ ಒಂದೇ ಆದರೂ, ವಿದ್ಯಾಭ್ಯಾಸದ ಇಲಾಖೆಯವರು ಅದನ್ನು ಉತ್ತರ ಮತ್ತು ದಕ್ಷಿಣ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳನ್ನಾಗಿ ವಿಂಗಡಿಸಿದ್ದಾರೆ. ಒಂದೊಂದು ಶೈಕ್ಷಣಿಕ ಜಿಲ್ಲೆಗೂ ಒಬ್ಬ ಉಪನಿರ್ದೇಶಕರುಂಟು. ಅವರ ಕೈಕೆಳಗೆ ವಲಯಗಳೂ, ವಲಯಕ್ಕೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿಗಳೂ ಇದ್ದಾರೆ. ಯಲಹಂಕವು ಉತ್ತರ ಜಿಲ್ಲೆಗೆ ಸೇರಿದ ವಲಯ. ವಲಯದೊಳಗೆ ನೆರೆಹೊರೆಯ ಹಲವು ಶಾಲೆಗಳನ್ನು ಕೂಡಿಸಿ ಸಮೂಹವೆಂದು ಕರೆಯುತ್ತಾರೆ. ಸಮೂಹದ ಕೆಳಗೆ ಶಾಲೆ, ಶಾಲೆಯೊಳಗೆ ತರಗತಿ, ತರಗತಿಯೊಳಗೆ ಮಗು. ಆಜ್ಞೆಯು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅಂಕಿಅಂಶಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ.

ಶಾಲೆಗಳಾದರೋ ಒಂದೇ ಬಗೆಯವಲ್ಲ. ಒಂದರಿಂದ ಐದನೆಯ ತರಗತಿಯವರೆಗಿನ ಸರ್ಕಾರೀ ಕಿರಿಯ ಪ್ರಾಥಮಿಕ ಶಾಲೆಗಳು, ಏಳರವರೆಗಿನ ಹಿರಿಯ ಪ್ರಾಥಮಿಕ ಶಾಲೆಗಳು, ಎಂಟರಿಂದ ಹತ್ತರವರೆಗಿನ ಹೈಸ್ಕೂಲುಗಳು, ಉರ್ದು ಶಾಲೆಗಳು ಇವೆ. ಉಪಾಧ್ಯಾಯರ ಸಂಬಳವನ್ನು ಸರ್ಕಾರ ಕೊಟ್ಟು ಆಡಳಿತವನ್ನು ಖಾಸಗೀ ಸಂಸ್ಥೆಗಳು ನಡೆಸುವ ಅನುದಾನಿತ ಶಾಲೆಗಳೂ, ಶುಲ್ಕದ ಮೇಲೆಯೇ ನಿಂತಿರುವ ಅನುದಾನರಹಿತ ಶಾಲೆಗಳೂ, ಕೇಂದ್ರ ಸರ್ಕಾರದ ನೌಕರರ ಮಕ್ಕಳಿಗಾಗಿ ಮುಖ್ಯವಾಗಿ ಏರ್ಪಟ್ಟ ಕೇಂದ್ರೀಯ ವಿದ್ಯಾಲಯಗಳೂ ಇವೆ. ಇಷ್ಟು ಬಗೆಯ ಶಾಲೆಗಳು ಅಕ್ಕಪಕ್ಕದ ಬೀದಿಗಳಲ್ಲಿಯೇ ಇದ್ದರೂ ಒಂದರ ಮಕ್ಕಳು ಇನ್ನೊಂದರ ಮಕ್ಕಳ ಮುಖವನ್ನು ನೋಡದೆ ಬೆಳೆಯುತ್ತಿರುವರೆಂಬುದು ಈ ಏರ್ಪಾಡಿನ ಮೊದಲನೆಯ ಲಕ್ಷಣ.

ಈ ಏರ್ಪಾಡು ಒಂದೇ ದಿನದಲ್ಲಿ ಹುಟ್ಟಿದುದಲ್ಲ. ೧೮೪೦ರ ದಶಕದಲ್ಲಿ ಲಂಡನ್ ಮಿಷನ್ನಿಗೆ ಸೇರಿದ ಸ್ತ್ರೀಯರು ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗಾಗಿ ಪಾಠಶಾಲೆಯನ್ನು ನಡೆಸತೊಡಗಿದಾಗ ಸರ್ಕಾರದ ವಿದ್ಯಾಭ್ಯಾಸದ ಇಲಾಖೆಯೆಂಬುದೇ ಇರಲಿಲ್ಲ. ೧೮೫೪ರಲ್ಲಿ ವುಡ್ ಎಂಬವರ ನಿರೂಪವು ಬಂದು, ಖಾಸಗೀ ಶಾಲೆಗಳಿಗೆ ಸರ್ಕಾರದ ಸಹಾಯದ್ರವ್ಯವೆಂಬ ಪದ್ಧತಿಗೆ ತಳಹದಿ ಬಿದ್ದಿತು. ೧೮೫೭ರಲ್ಲಿ ಮೈಸೂರು ಸೀಮೆಗೆ ವಿದ್ಯಾಭ್ಯಾಸದ ಇಲಾಖೆ ಏರ್ಪಟ್ಟಿತು. ೧೮೬೮ರಲ್ಲಿ, ಆ ಇಲಾಖೆಯ ನಿರ್ದೇಶಕರಾಗಿದ್ದ ಬಿ. ಎಲ್. ರೈಸರು ಪ್ರತಿ ಹೋಬಳಿಗೂ ಒಂದೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಮುಂದಿಟ್ಟರು. ಕನ್ನಡ ಶಾಸನಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದ ರೈಸರನ್ನು ಎಲ್ಲರೂ ಬಲ್ಲರು. ಹೋಬಳಿಯ ಶಾಲೆಗಳ ರೈಸರನ್ನು ನೆನೆಯುವವರು ಕಡಮೆ. ಯಲಹಂಕವೂ ಒಂದು ಹೋಬಳಿಯ ಮುಖ್ಯಸ್ಥಳವಾದುದರಿಂದ ಆ ಯೋಜನೆಯ ಅರ್ಥ ನಮಗೆ ಸುಲಭವಾಗಿ ತಿಳಿಯಬೇಕು. ಮಗು ಪಟ್ಟಣವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಶಾಲೆಯೇ ಮಗುವಿನ ಸಮೀಪಕ್ಕೆ ಬರಬೇಕು ಎಂಬುದೇ ಅದರ ಸಾರ.

ಅನಂತರ ೧೯೧೩ರಲ್ಲಿ ಮೈಸೂರು ಸಂಸ್ಥಾನದವರು ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನನ್ನು ಮಾಡಿ, ಆಯ್ದ ಕೆಲವು ಸ್ಥಳಗಳಲ್ಲಿ ಕಡ್ಡಾಯದ ಶಿಕ್ಷಣಕ್ಕೆ ಕೈಹಾಕಿದರು. ೧೯೩೦ರಲ್ಲಿ ಇನ್ನೊಂದು ರೆಗ್ಯುಲೇಷನ್ ಬಂದು ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ವಿದ್ಯಾಭ್ಯಾಸ ಸಂಸ್ಥೆಗಳ ಕೈಗೆ ಒಪ್ಪಿಸಿತು. ಅದು ಎಣಿಸಿದಂತೆ ನಡೆಯಲಿಲ್ಲವಾಗಿ ೧೯೪೧ರ ಕಾನೂನಿನಿಂದ ಸರ್ಕಾರವೇ ಆ ಭಾರವನ್ನು ಮರಳಿ ವಹಿಸಿಕೊಂಡಿತು. ಊರಿನವರ ಕೈಗೆ ಶಾಲೆಯನ್ನು ಕೊಟ್ಟು ನೋಡಿ ಹಿಂದಕ್ಕೆ ತೆಗೆದುಕೊಂಡ ಈ ಹನ್ನೊಂದು ವರ್ಷಗಳ ಕಥೆಯನ್ನು ನಾವು ಮರೆಯಲಾಗದು. ಶಾಲೆ ಯಾರದು, ಸರ್ಕಾರದ್ದೋ ಊರಿನದ್ದೋ, ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ತೀರ್ಮಾನವಾಗದೆಯೇ ಉಳಿದಿದೆ.

ಈ ನಡುವೆ ಊರೇ ಬೇರೆಯಾಯಿತು. ಯಲಹಂಕದ ನಾಡಪ್ರಭುಗಳ ಮನೆತನದ ಕೆಂಪೇಗೌಡರು ೧೫೩೭ರಲ್ಲಿ ಬೆಂಗಳೂರಿನ ಕೋಟೆಪೇಟೆಗಳನ್ನು ಕಟ್ಟಿಸಿದರೆಂದು ಮಕ್ಕಳು ಪಾಠದಲ್ಲಿ ಓದುತ್ತಾರೆ. ಅಂದು ಯಲಹಂಕವು ಬೆಂಗಳೂರನ್ನು ಹೆತ್ತಿತು. ಇಂದು ಬೆಂಗಳೂರು ಯಲಹಂಕವನ್ನು ತನ್ನೊಳಕ್ಕೆ ಸೇರಿಸಿಕೊಂಡಿದೆ. ೧೯೧೩ರಲ್ಲಿ ಕೃಷಿಯ ಪಾಠಶಾಲೆ ಹುಟ್ಟಿದ ಹೆಬ್ಬಾಳವು ಈಗ ಮೇಲುಸೇತುವೆಗಳ ಸಂಧಿಸ್ಥಾನ. ಯಶವಂತಪುರವು ರೈಲು, ಕಾರ್ಖಾನೆ ಮತ್ತು ಮಂಡಿಗಳ ಊರು. ಅಲ್ಲಿ ಈರುಳ್ಳಿಯ ಮೂಟೆ ಹೊರುವವರ ಮಕ್ಕಳಿಗೂ ಶಾಲೆ ಬೇಕು. ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಆರ್. ಟಿ. ನಗರದ ಸುತ್ತಮುತ್ತ ಕನ್ನಡ, ಉರ್ದು, ತಮಿಳು, ತೆಲುಗು ಮನೆಮಾತಿನ ಕುಟುಂಬಗಳು ಒಂದೇ ಬೀದಿಯಲ್ಲಿ ವಾಸವಾಗಿವೆ. ೧೯೮೪ರಲ್ಲಿ ಯಲಹಂಕದಲ್ಲಿ ರೈಲಿನ ಗಾಲಿ ಮತ್ತು ಅಚ್ಚುಗಳ ಕಾರ್ಖಾನೆ ಪ್ರಾರಂಭವಾಯಿತು. ೨೦೦೭ರಲ್ಲಿ ಯಲಹಂಕ, ಬ್ಯಾಟರಾಯನಪುರ ಮೊದಲಾದ ಪುರಸಭೆಗಳೂ ಸುತ್ತಣ ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯಲ್ಲಿ ಲೀನವಾದವು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ೨೦೨೫ರಲ್ಲಿ ಆ ಮಹಾನಗರಪಾಲಿಕೆಯೂ ಹೋಗಿ, ಬೆಂಗಳೂರಿಗೆ ಐದು ನಗರಪಾಲಿಕೆಗಳು ಏರ್ಪಟ್ಟು, ಯಲಹಂಕವು ಉತ್ತರ ನಗರಪಾಲಿಕೆಗೆ ಸೇರಿತು.

ಇದರಿಂದ ಶಾಲೆಗೆ ಏನಾಯಿತೆಂದು ವಾಚಕರು ಕೇಳಬಹುದು. ಎರಡು ಸಂಗತಿಗಳಾದವು. ಮೊದಲನೆಯದು, ಊರಿನಲ್ಲಿ ಸ್ಥಿತಿವಂತರಾದವರು ತಮ್ಮ ಮಕ್ಕಳನ್ನು ಸರ್ಕಾರೀ ಶಾಲೆಯಿಂದ ಬಿಡಿಸಿಕೊಂಡು ಹೋದರು. ತಾತ ಕಲಿತ ಶಾಲೆಯ ಅಂಗಳದಲ್ಲಿ ಮೊಮ್ಮಗ ಕಾಲಿಡುವುದಿಲ್ಲ. ಅವನನ್ನು ಕರೆದೊಯ್ಯುವ ಹಳದಿ ಬಣ್ಣದ ವಾಹನವು ಆ ಶಾಲೆಯ ಮುಂದೆಯೇ ಹಾದುಹೋಗುತ್ತದೆ. ಎರಡನೆಯದು, ಅವರು ಬಿಟ್ಟುಹೋದ ಬೆಂಚುಗಳ ಮೇಲೆ ಹೊಸಬರು ಬಂದು ಕುಳಿತರು. ಯಾದಗಿರಿ, ಕಲಬುರಗಿ, ರಾಯಚೂರು ಕಡೆಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಆಂಧ್ರದಿಂದಲೂ ಉತ್ತರ ಹಿಂದೂಸ್ಥಾನದಿಂದಲೂ ಬಂದ ಕಾವಲುಗಾರರ ಮಕ್ಕಳು, ಮನೆಗೆಲಸದವರ ಮಕ್ಕಳು. ಇವರ ತಂದೆತಾಯಿಗಳು ಈ ಊರಿನ ಮನೆಗಳನ್ನೆಲ್ಲ ಕಟ್ಟುತ್ತಿದ್ದಾರೆ, ಗುಡಿಸುತ್ತಿದ್ದಾರೆ, ಕಾಯುತ್ತಿದ್ದಾರೆ. ಆದರೆ ಊರಿನ ಸಭೆಯಲ್ಲಿ ಎದ್ದುನಿಂತು ಮಾತನಾಡುವ ಬಲ ಅವರಿಗಿಲ್ಲ. ಮಾತನಾಡಬಲ್ಲವರ ಮಕ್ಕಳು ಆ ಶಾಲೆಯಲ್ಲಿಲ್ಲ. ಸರ್ಕಾರೀ ಶಾಲೆಗಳ ಕುಂದುಕೊರತೆಗಳಿಗೆಲ್ಲ ಇದಕ್ಕಿಂತ ದೊಡ್ಡ ಕಾರಣವೊಂದು ನಮಗೆ ತೋರುವುದಿಲ್ಲ.

ಈ ಸಂದರ್ಭದಲ್ಲಿ ಹೊರದೇಶದ ರೀತಿಯೊಂದನ್ನು ನೋಡುವುದು ಉಪಯುಕ್ತ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸಣ್ಣ ಪಟ್ಟಣಕ್ಕೂ ಸಾಮಾನ್ಯವಾಗಿ ತನ್ನದೇ ಆದ ಶಾಲಾ ಜಿಲ್ಲೆಯುಂಟು. ಊರಿನವರು ಮತ ಹಾಕಿ ಶಾಲಾಮಂಡಲಿಯನ್ನು ಆರಿಸುತ್ತಾರೆ. ಮನೆ ಮತ್ತು ಜಮೀನುಗಳ ಮೇಲಿನ ತೆರಿಗೆಯಿಂದ ಶಾಲೆಯ ವೆಚ್ಚದ ಒಂದು ದೊಡ್ಡ ಭಾಗವನ್ನು ಕೂಡಿಸುತ್ತಾರೆ. ಮಂಡಲಿಯ ಸಭೆ ಬಹಿರಂಗವಾಗಿ ನಡೆಯುತ್ತದೆ. ಆ ಪದ್ಧತಿಯಲ್ಲಿಯೂ ದೋಷವಿದೆ. ಸಿರಿವಂತರ ಊರಿಗೆ ಸಿರಿವಂತ ಶಾಲೆ, ಬಡವರ ಊರಿಗೆ ಬಡ ಶಾಲೆ ಎಂಬ ಅನ್ಯಾಯಕ್ಕೆ ಅದು ದಾರಿಮಾಡಿಕೊಟ್ಟಿದೆ. ನಮ್ಮಲ್ಲಿ ಉಪಾಧ್ಯಾಯರ ಸಂಬಳ, ಪುಸ್ತಕ, ಊಟಗಳ ಹಣವೆಲ್ಲ ರಾಜ್ಯದ ಮತ್ತು ಕೇಂದ್ರದ ಬೊಕ್ಕಸದಿಂದ ಬರುವುದರಿಂದ ಊರಿನ ಬಡತನಕ್ಕೆ ತಕ್ಕಂತೆ ಸಂಬಳ ಕಡಮೆಯಾಗುವುದಿಲ್ಲ. ಅದು ದೊಡ್ಡ ಗುಣವೇ ಸರಿ. ಆದರೆ ನಮ್ಮ ಶೈಕ್ಷಣಿಕ ಜಿಲ್ಲೆಗೆ ಚುನಾಯಿತ ಮಂಡಲಿಯಿಲ್ಲ. ಊರಿನವರು ಎದುರು ನಿಂತು ಲೆಕ್ಕ ಕೇಳಬಹುದಾದ ಸಭೆ ಜಿಲ್ಲೆಯ ಮಟ್ಟದಲ್ಲಿಯೂ ಇಲ್ಲ, ವಲಯದ ಮಟ್ಟದಲ್ಲಿಯೂ ಇಲ್ಲ.

ಹಳ್ಳಿಗಾದರೂ ಈ ವಿಷಯದಲ್ಲಿ ಒಂದು ಆಧಾರವಿದೆ. ೧೯೯೨ರ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ, ಪಂಚಾಯಿತಿಗಳಿಗೆ ಒಪ್ಪಿಸಬಹುದಾದ ವಿಷಯಗಳ ನಡುವೆ, ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳ ಹೆಸರು ಸ್ಪಷ್ಟವಾಗಿ ಬರೆದಿದೆ. ನಗರಗಳಿಗಾಗಿ ಆಗಲೇ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಾದರೋ ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ವಿಷಯಗಳ ಪ್ರೋತ್ಸಾಹವೆಂಬ ಸಾಮಾನ್ಯ ಮಾತು ಮಾತ್ರವಿದೆ, ಶಾಲೆಯೆಂಬ ಹೆಸರಿಲ್ಲ. ಆದುದರಿಂದ ಹಳ್ಳಿಯೊಂದು ನಗರದಲ್ಲಿ ಲೀನವಾದಾಗ ಅದರ ಶಾಲೆಯು ಪಂಚಾಯಿತಿಯೆಂಬ ಹತ್ತಿರದ ನೆಂಟನನ್ನು ಕಳೆದುಕೊಳ್ಳುತ್ತದೆ. ನಗರಪಾಲಿಕೆಯು ರಸ್ತೆಯನ್ನೂ ಚರಂಡಿಯನ್ನೂ ದೀಪವನ್ನೂ ನೋಡಿಕೊಂಡೀತು; ರಸ್ತೆಯ ಪಕ್ಕದ ಸರ್ಕಾರೀ ಶಾಲೆ ತನ್ನದೆಂದು ತಿಳಿಯುವುದು ಅಪರೂಪ.

ಇಷ್ಟನ್ನು ಹೇಳಿ, ನಾವು ಮುಖ್ಯವೆಂದೆಣಿಸಿದ ವಿಷಯಕ್ಕೆ ಬರುತ್ತೇವೆ. ಒಂದು ಶೈಕ್ಷಣಿಕ ಜಿಲ್ಲೆಯ ಯೋಗ್ಯತೆಯನ್ನು ಯಾವುದರಿಂದ ಅಳೆಯಬೇಕು? ಎಸ್. ಎಸ್. ಎಲ್. ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದವರ ಶೇಕಡಾ ಪ್ರಮಾಣದಿಂದ ಅಳೆಯುವುದು ವಾಡಿಕೆ. ಫಲಿತಾಂಶದ ದಿನ ಜಿಲ್ಲೆಗಳನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸುತ್ತಾರೆ. ಆದರೆ ಪರೀಕ್ಷೆಗೆ ಕುಳಿತವರಲ್ಲಿ ಎಷ್ಟು ಮಂದಿ ತೇರ್ಗಡೆಯಾದರೆಂಬುದನ್ನು ಮಾತ್ರ ಆ ಲೆಕ್ಕ ಹೇಳುತ್ತದೆ. ಮೂರು ವರ್ಷಗಳ ಹಿಂದೆ ಏಳನೆಯ ತರಗತಿಯನ್ನು ಮುಗಿಸಿ, ಪರೀಕ್ಷೆಯ ಕೊಠಡಿಯವರೆಗೆ ಬಾರದೆಯೇ ಹೋದವರನ್ನು ಅದು ಎಣಿಸುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಏಳನೆಯ ತರಗತಿಯಿಂದ ಎಂಟನೆಯದಕ್ಕೆ ದಾಟುವ ಹೊಸಿಲೇ ನಿಜವಾದ ಅಳತೆಗೋಲು. ಆ ಹೊಸಿಲನ್ನು ಎಷ್ಟು ಮಂದಿ ಬಾಲಿಕೆಯರು ದಾಟಿದರು, ದಾಟದವರು ಎಲ್ಲಿಗೆ ಹೋದರು ಎಂಬುದನ್ನು ಹೇಳಬಲ್ಲ ಜಿಲ್ಲೆಯೇ ಒಳ್ಳೆಯ ಜಿಲ್ಲೆ.

ಹೊಸಿಲು ಅಲ್ಲಿಯೇ ಏಕೆ? ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾನೂನು ಆರರಿಂದ ಹದಿನಾಲ್ಕು ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಎಂಟನೆಯ ತರಗತಿಯವರೆಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ವಿಧಿಸಿದೆ. ನಮ್ಮ ರಾಜ್ಯದಲ್ಲಾದರೋ ಹಿರಿಯ ಪ್ರಾಥಮಿಕ ಶಾಲೆಗಳು ಬಹುಮಟ್ಟಿಗೆ ಏಳಕ್ಕೆ ಮುಗಿದು ಹೈಸ್ಕೂಲು ಎಂಟರಿಂದ ಮೊದಲಾಗುತ್ತದೆ. ಕಾನೂನು ಎಂಟರವರೆಗೆ ಕೈಹಿಡಿದಿದೆ. ಕಟ್ಟಡವು ಏಳಕ್ಕೆ ಕೈಬಿಡುತ್ತದೆ. ಹನ್ನೆರಡು ಹದಿಮೂರು ವರ್ಷದ ಬಾಲಿಕೆಯು ತನ್ನ ಬೀದಿಯ ಶಾಲೆಯನ್ನು ಬಿಟ್ಟು, ವರ್ಗಾವಣೆಯ ಪತ್ರವನ್ನು ಪಡೆದು, ದೂರದ ಹೊಸ ಶಾಲೆಯನ್ನು ಹುಡುಕಬೇಕಾಗುವುದು ಸರಿಯಾಗಿ ಈ ವಯಸ್ಸಿನಲ್ಲಿ. ಮನೆಯವರು ಅವಳನ್ನು ಒಬ್ಬಳನ್ನೇ ಕಳುಹಿಸಲು ಅಂಜತೊಡಗುವುದೂ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಅವಳು ಬೇಕಾಗುವುದೂ ಈ ವಯಸ್ಸಿನಲ್ಲಿಯೇ.

ಮುಂದಿನ ಹೆಜ್ಜೆ ಇನ್ನೂ ಕಠಿಣ. ಹದಿನಾಲ್ಕು ತುಂಬಿ ಎಂಟನೆಯ ತರಗತಿ ಮುಗಿದೊಡನೆ ಶಿಕ್ಷಣದ ಹಕ್ಕಿನ ಕಾನೂನಿನ ಆಶ್ರಯ ತೀರುತ್ತದೆ. ೨೦೧೬ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕರ ಕಾನೂನು ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು, ಮನೆವಾರ್ತೆಯ ಸಹಾಯದಂತಹ ಕೆಲವು ವಿನಾಯಿತಿಗಳನ್ನು ಬಿಟ್ಟು, ನಿಷೇಧಿಸಿದೆ. ಹದಿನಾಲ್ಕು ದಾಟಿದವರಿಗೆ ಅಪಾಯಕರವಾದ ಉದ್ಯೋಗಗಳನ್ನು ಮಾತ್ರ ತಡೆದಿದೆ. ಹೀಗೆ ಓದುವ ಹಕ್ಕು ಮುಗಿಯುವ ವಯಸ್ಸೂ ದುಡಿಯಬಾರದೆಂಬ ತಡೆ ಸಡಿಲವಾಗುವ ವಯಸ್ಸೂ ಒಂದೇ ಆಗಿವೆ. ಮಗಳ ಸಂಪಾದನೆ ಬೇಕಾಗಿರುವ ಬಡ ತಾಯಿಯು ಆ ದಿನ ಯಾವ ಕಡೆಗೆ ವಾಲುವಳೆಂದು ಊಹಿಸುವುದು ಕಷ್ಟವಲ್ಲ. ಹದಿನೆಂಟರೊಳಗಿನ ಹೆಣ್ಣುಮಗಳ ವಿವಾಹವನ್ನು ನಿಷೇಧಿಸಿರುವ ೨೦೦೬ರ ಕಾನೂನು ಇದೆಯೆಂಬುದು ನಿಜ; ಆದರೆ ಬಾಲ್ಯವಿವಾಹಕ್ಕೆ ಶಾಲೆಯ ಬೆಂಚಿಗಿಂತ ಬಲವಾದ ತಡೆ ಬೇರೊಂದಿಲ್ಲ.

ಶಾಲೆಯ ದೂರವನ್ನು ನಿಯಮಗಳಲ್ಲಿ ಕಿಲೋಮೀಟರುಗಳಿಂದ ಗೊತ್ತುಮಾಡಿರುತ್ತಾರೆ. ಕೆಳಗಿನ ತರಗತಿಗಳಿಗೆ ಒಂದು, ಆರರಿಂದ ಎಂಟರವರೆಗೆ ಮೂರು ಎಂಬುದು ಲೆಕ್ಕ. ನಕ್ಷೆಯ ಮೇಲೆ ಈ ಲೆಕ್ಕ ಸರಿಯಾಗಿಯೇ ಇದ್ದೀತು. ಆದರೆ ಯಲಹಂಕ ಮತ್ತು ಹೆಬ್ಬಾಳಗಳ ನಡುವೆ ಬಳ್ಳಾರಿ ರಸ್ತೆಯಿದೆ. ವಿಮಾನ ನಿಲ್ದಾಣದ ಕಡೆಗೆ ಬಾಣದಂತೆ ಓಡುವ ವಾಹನಗಳ ಆ ರಸ್ತೆಯ ಆಚೆಗೆ ಶಾಲೆಯೂ ಈಚೆಗೆ ಮನೆಯೂ ಇರುವ ಬಾಲಿಕೆಗೆ ಅರ್ಧ ಕಿಲೋಮೀಟರು ಕೂಡ ಐದು ಕಿಲೋಮೀಟರಿಗೆ ಸಮ. ಜಕ್ಕೂರು, ಕೋಗಿಲು, ಥಣಿಸಂದ್ರ, ಬಾಗಲೂರುಗಳ ಸುತ್ತ ದಿನದಿನಕ್ಕೆ ಎದ್ದುನಿಲ್ಲುತ್ತಿರುವ ಬಡಾವಣೆಗಳ ಬದಿಯಲ್ಲಿ ತಗಡಿನ ಗುಡಿಸಲುಗಳೂ ಏಳುತ್ತವೆ. ಕಟ್ಟಡ ಮುಗಿದಾಗ ಗುಡಿಸಲು ಇನ್ನೊಂದೆಡೆಗೆ ಹೋಗುತ್ತದೆ. ಶಾಲೆಯ ವರ್ಷ ಜೂನಿನಿಂದ ಏಪ್ರಿಲಿನವರೆಗೆ. ಮೇಸ್ತ್ರಿಯ ವರ್ಷಕ್ಕೆ ಅಂತಹ ಕ್ರಮವಿಲ್ಲ.

ಇಲ್ಲಿ ಕಾನೂನು ಕೆಟ್ಟದೆಂದು ನಾವು ದೂರುತ್ತಿಲ್ಲ. ವರ್ಗಾವಣೆಯ ಪತ್ರ ಬರುವುದು ತಡವಾಯಿತೆಂದಾಗಲಿ, ಜನನದ ದಾಖಲೆ ಇಲ್ಲವೆಂದಾಗಲಿ ಪ್ರಾಥಮಿಕ ಹಂತದಲ್ಲಿ ಮಗುವನ್ನು ಸೇರಿಸಿಕೊಳ್ಳದೆ ಇರಕೂಡದೆಂದು ಅದೇ ಕಾನೂನು ಸ್ಪಷ್ಟವಾಗಿ ಹೇಳಿದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ನಮ್ಮಲ್ಲಿ ಹಳೆಯದು. ಬೆಳಗಿನ ಕೂಲಿಯನ್ನು ಬಿಟ್ಟು ಬಂದ ತಾಯಿಗೆ ‘ನಾಳೆ ಬನ್ನಿ’ ಎಂದು ಹೇಳಿದರೆ, ಆ ನಾಳೆಯ ಬೆಲೆ ಒಂದು ದಿನದ ಅನ್ನ. ಎರಡು ‘ನಾಳೆ’ಗಳಾದ ಮೇಲೆ ಅವಳು ಬರುವುದಿಲ್ಲ.

ಸರ್ಕಾರದವರು ಏನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಮಧ್ಯಾಹ್ನದ ಊಟದ ಏರ್ಪಾಡು ೨೦೦೨ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಪ್ರಾರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ, ಮುಂದೆ ಸರ್ಕಾರೀ ಮತ್ತು ಅನುದಾನಿತ ಹೈಸ್ಕೂಲುಗಳಿಗೂ ಹರಡಿತು. ೨೦೧೩ರಿಂದ ಹಾಲು ಬಂದಿತು. ೨೦೦೬-೦೭ರಲ್ಲಿ ಪ್ರಾರಂಭಿಸಿ ಹಲವು ವರ್ಷಗಳ ಕಾಲ ಎಂಟನೆಯ ತರಗತಿಗೆ ಸೇರಿದ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಟ್ಟರು. ಕೊಡುವ ತರಗತಿಯನ್ನು ಎಂಟೆಂದು ಗೊತ್ತುಮಾಡಿದುದರಲ್ಲಿಯೇ ಹೊಸಿಲು ಎಲ್ಲಿದೆಯೆಂಬುದನ್ನು ಸರ್ಕಾರವೂ ಬಲ್ಲುದೆಂಬುದಕ್ಕೆ ಸಾಕ್ಷಿಯಿದೆ. ೨೦೨೩ರ ಜೂನ್ ೧೧ರಿಂದ ಸರ್ಕಾರೀ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಸ್ತ್ರೀಯರಿಗೂ ಬಾಲಿಕೆಯರಿಗೂ ಟಿಕೆಟ್ಟಿನ ಹಣವಿಲ್ಲ. ಹೈಸ್ಕೂಲಿಗೆ ಹೋಗುವ ಬಾಲಿಕೆಗೆ ಇದರಿಂದಾದ ಉಪಕಾರ ದೊಡ್ಡದು. ಪ್ರತಿಯೊಂದು ಮಗುವಿಗೂ ಇಲಾಖೆಯ ಗಣಕದಲ್ಲಿ ಒಂದು ಸಂಖ್ಯೆಯಿದೆ. ಶಾಲೆ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಆದರೆ ಸಂಖ್ಯೆಯ ಹಿಂದೆ ಮನುಷ್ಯರು ಹೋಗದೆ ಇದ್ದರೆ ಮಗು ಎಲ್ಲಿ ನಿಂತಿತೆಂಬುದು ತಿಳಿಯುವುದಿಲ್ಲ.

ಈಗ ಕೆಲವರು ಹೇಳುವ ಎರಡು ಮಾತುಗಳನ್ನು ಪರಿಶೀಲಿಸೋಣ. ಚಿಕ್ಕ ಚಿಕ್ಕ ಶಾಲೆಗಳನ್ನು ಕೂಡಿಸಿ, ಶಿಶುವಿಹಾರದಿಂದ ಪಿ. ಯು. ತರಗತಿಯವರೆಗೆ ಒಂದೇ ಆವರಣದಲ್ಲಿ ದೊಡ್ಡ ಶಾಲೆಯನ್ನು ಮಾಡಿದರೆ ಹೊಸಿಲೆಂಬುದೇ ಇರುವುದಿಲ್ಲವಷ್ಟೆ ಎಂಬುದು ಮೊದಲನೆಯದು. ಕರ್ನಾಟಕ ಪಬ್ಲಿಕ್ ಶಾಲೆಗಳೆಂಬ ಹೆಸರಿನಲ್ಲಿ ಸರ್ಕಾರದವರು ಇಂತಹವುಗಳನ್ನು ನಡೆಸುತ್ತಿದ್ದಾರೆ. ಏಳಕ್ಕೆ ಶಾಲೆ ಬಿಡಬೇಕಾಗಿಲ್ಲವೆಂಬ ಮಟ್ಟಿಗೆ ಇದು ನಮಗೆ ಸಮ್ಮತ. ಪ್ರಯೋಗಶಾಲೆ, ಗ್ರಂಥಾಲಯ, ವಿಷಯಕ್ಕೊಬ್ಬ ಉಪಾಧ್ಯಾಯರು ದೊಡ್ಡ ಶಾಲೆಯಲ್ಲಿಯೇ ಸಾಧ್ಯವೆಂಬುದೂ ನಿಜ. ಆದರೆ ದೊಡ್ಡ ಶಾಲೆಯನ್ನು ತೆರೆಯುವುದಕ್ಕಾಗಿ ಬೀದಿಯ ಚಿಕ್ಕ ಶಾಲೆಯನ್ನು ಮುಚ್ಚಿದರೆ ಹೊಸಿಲು ಅಳಿಯುವುದಿಲ್ಲ. ಏಳನೆಯ ತರಗತಿಯಲ್ಲಿದ್ದುದು ಮೊದಲನೆಯ ತರಗತಿಗೆ ಸರಿಯುತ್ತದೆ. ಹೋಬಳಿಗೊಂದು ಶಾಲೆಯೆಂದು ೧೮೬೮ರಲ್ಲಿ ಶಾಲೆಯನ್ನು ಮಗುವಿನ ಬಳಿಗೆ ಕಳುಹಿಸಿದ ನಾಡು, ಈಗ ಮಗುವನ್ನು ಶಾಲೆಯ ಬಳಿಗೆ ಕಳುಹಿಸುವುದಾದರೆ, ಬಸ್ಸನ್ನೂ ಜೊತೆಯಲ್ಲಿ ಹೋಗುವ ಒಬ್ಬ ದೊಡ್ಡವರನ್ನೂ ಕೂಡಿಸಿಯೇ ಕಳುಹಿಸಬೇಕು.

ಎರಡನೆಯದು ಭಾಷೆಯ ಮಾತು. ತಂದೆತಾಯಿಗಳು ಇಂಗ್ಲೀಷನ್ನು ಬೇಡುತ್ತಾರೆ, ಆದುದರಿಂದ ಸರ್ಕಾರೀ ಶಾಲೆ ಬರಿದಾಗುತ್ತದೆ ಎನ್ನುತ್ತಾರೆ. ಬೋಧನೆಯ ಮಾಧ್ಯಮವನ್ನು ಕುರಿತು ೧೯೯೪ರ ಸರ್ಕಾರೀ ಆಜ್ಞೆಯಿಂದ ಹಿಡಿದು ೨೦೧೪ರ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ಇಪ್ಪತ್ತು ವರ್ಷಗಳ ವಾದ ನಡೆಯಿತು. ಕನ್ನಡದಲ್ಲಿ ಓದಿ ಬರೆಯಲು ಚೆನ್ನಾಗಿ ಬಂದ ಮಗು ಇಂಗ್ಲೀಷನ್ನೂ ಚೆನ್ನಾಗಿ ಕಲಿಯುವುದೆಂಬುದು ನಮ್ಮ ನಂಬಿಕೆ. ಮೊದಲನೆಯ ತರಗತಿಯಿಂದ ಇಂಗ್ಲೀಷನ್ನು ಒಂದು ಪಾಠವಾಗಿ ಕಲಿಸುತ್ತಿರುವುದು ಉಚಿತವೆಂಬುದೂ ನಮ್ಮ ಅಭಿಪ್ರಾಯ. ಆದರೆ ಮಾಧ್ಯಮದ ವಾದದಲ್ಲಿ ಸೇರಿದ ಪಂಡಿತರು ಎಷ್ಟೋ ಮಂದಿ; ಶಾಲೆಯ ಶೌಚಗೃಹದ ಬಾಗಿಲಿಗೆ ಚಿಲಕವಿಲ್ಲವೆಂಬ ವಾದಕ್ಕೆ ಬಂದವರು ಎಷ್ಟು ಮಂದಿ? ಎಂಟನೆಯ ತರಗತಿಯ ಬಾಲಿಕೆಯನ್ನು ಮನೆಯಲ್ಲಿ ನಿಲ್ಲಿಸುವುದಕ್ಕೆ ನೀರಿಲ್ಲದ ಶೌಚಗೃಹವೊಂದೇ ಸಾಕು.

ಹಾಗಾದರೆ ಮಾಡಬೇಕಾದುದೇನು? ಊರಿನವರ ಕೈಯಲ್ಲಿರುವ ಕೆಲವು ಉಪಾಯಗಳನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದಾಗಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಜೀವಂತವಾಗಿಡಬೇಕು. ವಿಜ್ಞಾನಿಗಳಾದ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ ೨೦೦೧ರಲ್ಲಿ ನಮ್ಮ ರಾಜ್ಯದ ಸರ್ಕಾರೀ ಶಾಲೆಗಳಲ್ಲಿ ಈ ಸಮಿತಿಗಳು ಏರ್ಪಟ್ಟವು. ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೂ, ಅರ್ಧದಷ್ಟು ಸ್ತ್ರೀಯರೂ ಇರಬೇಕೆಂಬುದು ಶಿಕ್ಷಣದ ಹಕ್ಕಿನ ಕಾನೂನಿನ ವಿಧಿ. ಊರಿಗೆ ಶಾಲಾಮಂಡಲಿಯಿಲ್ಲವೆಂದು ಮೇಲೆ ಹೇಳಿದೆವು. ಅದರ ಬೀಜ ಇಲ್ಲಿದೆ. ಆದರೆ ದಿನಗೂಲಿಯ ತಾಯಿಯನ್ನು ಕೆಲಸದ ವೇಳೆಯಲ್ಲಿ ಸಭೆಗೆ ಕರೆದರೆ ಅವಳು ಬರುವಳೆ? ಸಭೆಯನ್ನು ಭಾನುವಾರ ಅಥವಾ ಸಂಜೆ ಇಡಬೇಕು. ನಡವಳಿಕೆಯನ್ನು ಓದಿ ಹೇಳಿದ ಮೇಲೆಯೇ ಅವಳ ರುಜುವನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು.

ಎರಡನೆಯದಾಗಿ, ಪ್ರತಿ ಸಮೂಹದಲ್ಲಿಯೂ ಹೊಸಿಲಿನ ಪುಸ್ತಕವೊಂದಿರಬೇಕು. ಏಪ್ರಿಲಿನಲ್ಲಿ ಏಳನೆಯ ತರಗತಿಯನ್ನು ಮುಗಿಸಿದ ಪ್ರತಿಯೊಬ್ಬ ಬಾಲಿಕೆಯ ಹೆಸರು ಅದರ ಎಡಪುಟದಲ್ಲಿಯೂ, ಜೂನಿನಲ್ಲಿ ಅವಳು ಸೇರಿದ ಹೈಸ್ಕೂಲಿನ ಹೆಸರು ಬಲಪುಟದಲ್ಲಿಯೂ ಬರಲಿ. ಬಲಪುಟ ಬರಿದಾಗಿರುವ ಮನೆಗೆ ಜೂನ್ ತಿಂಗಳೊಳಗೆ ಇಬ್ಬರು ಹೋಗಿಬರಲಿ. ಅವರಲ್ಲಿ ಒಬ್ಬರು ಏಳನೆಯ ತರಗತಿಯ ಉಪಾಧ್ಯಾಯಿನಿಯಾಗಿದ್ದರೆ ಉತ್ತಮ, ಏಕೆಂದರೆ ಆ ಮುಖವನ್ನು ಮನೆಯವರು ಬಲ್ಲರು. ಇದಕ್ಕೆ ಹಣ ಬೇಡ, ಆಜ್ಞೆ ಬೇಡ. ಒಂದು ಪುಸ್ತಕ, ನಾಲ್ಕು ಸಂಜೆಗಳು ಸಾಕು.

ಮೂರನೆಯದಾಗಿ, ಅನುದಾನಿತ ಹೆಣ್ಣುಮಕ್ಕಳ ಹೈಸ್ಕೂಲುಗಳು ಈ ಕಾರ್ಯದಲ್ಲಿ ಕೈಗೂಡಿಸಬೇಕು. ನಿವೃತ್ತರಾದ ಉಪಾಧ್ಯಾಯರ ಸ್ಥಾನಗಳು ವರ್ಷಗಟ್ಟಲೆ ತೆರವಾಗಿ ಉಳಿಯುವುದರಿಂದ ಇಂತಹ ಶಾಲೆಗಳ ಕಷ್ಟ ಸಣ್ಣದಲ್ಲ. ಆದರೂ ನೆರೆಯ ಸರ್ಕಾರೀ ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿಯ ಬಾಲಿಕೆಯರನ್ನು ವರ್ಷಕ್ಕೊಮ್ಮೆ ತಮ್ಮ ಅಂಗಳಕ್ಕೆ ಕರೆದು, ಪ್ರಯೋಗಶಾಲೆಯನ್ನೂ ಆಟದ ಬಯಲನ್ನೂ ತೋರಿಸಿ, ತಮ್ಮ ವಿದ್ಯಾರ್ಥಿನಿಯರ ಪಕ್ಕದಲ್ಲಿ ಒಂದು ದಿನ ಕೂರಿಸಿದರೆ, ಜೂನಿನಲ್ಲಿ ಆ ಬಾಲಿಕೆಗೆ ಬಾಗಿಲು ಅಪರಿಚಿತವಾಗಿರುವುದಿಲ್ಲ. ಒಂದೇ ದಾರಿಯಲ್ಲಿ ಬರುವ ಐದಾರು ಬಾಲಿಕೆಯರನ್ನು ಗುಂಪುಗೂಡಿಸಿ, ಹತ್ತನೆಯ ತರಗತಿಯವಳೊಬ್ಬಳನ್ನು ಅವರಿಗೆ ಅಕ್ಕನನ್ನಾಗಿ ಗೊತ್ತುಮಾಡಿದರೆ ತಾಯಿಯ ಅಂಜಿಕೆಯಲ್ಲಿ ಅರ್ಧ ಕಳೆಯುತ್ತದೆ.

ಕೊನೆಯದಾಗಿ, ಸ್ಥಿತಿವಂತರಾದ ಊರಿನವರಿಗೆ ಒಂದು ಮಾತು. ತಮ್ಮ ಮಕ್ಕಳನ್ನು ಎಲ್ಲಿಗಾದರೂ ಕಳುಹಿಸಲಿ. ಅದು ಅವರ ಇಷ್ಟ. ಆದರೆ ತಮ್ಮ ಮನೆಯ ಪಾತ್ರೆ ತೊಳೆಯುವ ಹೆಂಗಸನ್ನು, ಅವಳ ಮಗಳು ಯಾವ ತರಗತಿಯಲ್ಲಿದ್ದಾಳೆಂದು ವರ್ಷಕ್ಕೊಮ್ಮೆ ಕೇಳುವುದಕ್ಕೆ ಯಾವ ಕಾನೂನೂ ಅಡ್ಡವಿಲ್ಲ. ಹದಿನಾಲ್ಕು ದಾಟಿದ ಬಾಲಿಕೆಯು ತಾಯಿಯ ಬದಲು ಕೆಲಸಕ್ಕೆ ಬಂದು ನಿಂತಾಗ ಅವಳನ್ನು ಒಳಕ್ಕೆ ಕರೆಯದೆ ಶಾಲೆಗೆ ಕಳುಹಿಸಿದರೆ, ಆ ಒಂದು ನಿರಾಕರಣೆ ಎಷ್ಟೋ ಧರ್ಮಕಾರ್ಯಗಳಿಗೆ ಸಮಾನ.

ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ ಎಂಬ ಮಾತನ್ನು ನಮ್ಮ ಶಾಲೆಗಳ ಗೋಡೆಗಳ ಮೇಲೆ ಬರೆಯಿಸುತ್ತೇವೆ. ಹಾಗಾದರೆ ಹೆಣ್ಣೊಂದು ಏಳನೆಯ ತರಗತಿಯಲ್ಲಿ ನಿಂತುಹೋದರೆ ಶಾಲೆಯೊಂದು ಮುಚ್ಚಿದಂತೆಯೇ ಅಲ್ಲವೆ? ಶಾಲೆಗಳು ಮುಚ್ಚಿದಾಗ ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ, ಸಭೆ ಸೇರುತ್ತದೆ, ಮನವಿಗಳು ಹೋಗುತ್ತವೆ. ಯಲಹಂಕ, ಹೆಬ್ಬಾಳ, ಯಶವಂತಪುರಗಳ ಬೀದಿಗಳಲ್ಲಿ ಪ್ರತಿ ಜೂನಿನಲ್ಲಿಯೂ ಸದ್ದಿಲ್ಲದೆ ಮುಚ್ಚುವ ಈ ಶಾಲೆಗಳಿಗೆ ಮಾತ್ರ ಮನವಿ ಬರೆಯುವವರಿಲ್ಲ. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬೊಬ್ಬರೂ ತಮ್ಮ ನೆರೆಯ ಒಬ್ಬ ಬಾಲಿಕೆಯನ್ನು ಹೊಸಿಲು ದಾಟಿಸಿದರೆ, ಮುಂದಿನ ಸಂಚಿಕೆಯಲ್ಲಿ ಅವಳ ಹೆಸರನ್ನು ಅಚ್ಚುಹಾಕುವ ಭಾಗ್ಯ ನಮ್ಮದಾಗುವುದು.